ಬಂಟ್ವಾಳ ದಾರಿಯ ವಾಹನಗಳೂ ಅವುಗಳ ಸದ್ದೂ

ನೇತ್ರಾವತಿಯ ದಂಡೆಯ ಮೇಲಿನ ಬಂಟ್ವಾಳ, ಚಾರ್ಮಾಡಿ ಘಟ್ಟದ ಬುಡದ ಬೆಳ್ತಂಗಡಿ, ಸಾವಿರ ಕಂಬದ ಬಸದಿಯಿಂದ ನಾಡಿಗೆಲ್ಲ ಪರಿಚಿತವಾದ ಮೂಡುಬಿದಿರೆ, ಈ ಮೂರು ಊರುಗಳ ನಡುವಣ ನೆಲವು ಎಲ್ಲಿಯೂ ಸಮತಟ್ಟಾದುದಲ್ಲ. ಒಂದು ಗುಡ್ಡವನ್ನೇರಿ ಇಳಿದರೆ ಒಂದು ಬಯಲು, ಬಯಲನ್ನು ದಾಟಿದರೆ ಒಂದು ತೋಡು, ತೋಡಿನಾಚೆ ಮತ್ತೊಂದು ಗುಡ್ಡ, ಹೀಗೆ ಎಡೆಬಿಡದೆ ಏರಿಳಿಯುವ ಈ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಸುರಿದ ಮಳೆಯ ಬಹುಭಾಗವೂ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗಿ, ಉಳಿದ ಕಾಲದಲ್ಲಿ ಮುರಕಲ್ಲಿನ ಕೆಂಪು ಧೂಳು ಹಾರಾಡುತ್ತದೆ. ಮರವನ್ನು ಉಬ್ಬಿಸಿ ಮತ್ತೆ ಕುಗ್ಗಿಸುವ, ಕಬ್ಬಿಣಕ್ಕೆ ತುಕ್ಕು ಹಿಡಿಸುವ, ದಾರಿಯನ್ನು ಕೊರೆದು ಹೊಂಡ ಮಾಡುವ ಈ ಹವೆಯಲ್ಲಿ ಚಕ್ರವುಳ್ಳ ಯಾವ ವಾಹನವೇ ಆಗಲಿ ಸದ್ದಿಲ್ಲದೆ ಬಹುಕಾಲ ಬಾಳಿದುದು ಅಪೂರ್ವ.

ದಾರಿಗಳ ಚರಿತ್ರೆಯನ್ನು ಬರೆಯುವವರು ಸೇತುವೆ ಕಟ್ಟಿದ ವರ್ಷವನ್ನೂ ಘಟ್ಟ ಕಡಿದ ಎಂಜಿನಿಯರನನ್ನೂ ಸುಂಕದ ದರವನ್ನೂ ದಾಖಲಿಸುತ್ತಾರೆ; ಆ ದಾರಿಯಲ್ಲಿ ಹೋದ ವಾಹನ ಹೇಗೆ ಸದ್ದು ಮಾಡುತ್ತಿತ್ತು, ಆ ಸದ್ದನ್ನು ಜನ ಹೇಗೆ ಸಹಿಸಿದರು, ಅದನ್ನು ಅಡಗಿಸುವುದಕ್ಕೆ ಯಾವ ಉಪಾಯವನ್ನು ಹೂಡಿದರು ಎಂಬುದು ಅವರ ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ. ಆದರೆ ಎಂಜಿನ್ನನ್ನು ನಿಲ್ಲಿಸಿಕೊಂಡೇ ಊರೊಳಗೆ ಸಂಚರಿಸಬಲ್ಲ ಹೈಬ್ರಿಡ್ ಕಾರು ಬಂಟ್ವಾಳದ ಬಿ.ಸಿ. ರೋಡಿನ ಸಂದಣಿಯಲ್ಲಿಯೂ ಕಾಣಸಿಗುವ ಈ ದಿನಗಳಲ್ಲಿ, ಲಕ್ಷಗಟ್ಟಲೆ ಹಣ ತೆತ್ತು ಅದನ್ನು ಕೊಂಡವನು ಡ್ಯಾಶ್‌ಬೋರ್ಡಿನೊಳಗೆ ಎಲ್ಲಿಯೋ ಕಿರುಗುಟ್ಟುವ ಒಂದು ಸಣ್ಣ ಸದ್ದಿಗಾಗಿ ನೆಮ್ಮದಿಗೆಡುವುದನ್ನು ಕಂಡಾಗ, ಈ ಕಿರುಗುಟ್ಟುವಿಕೆಗೂ ಒಂದು ಪೂರ್ವಚರಿತ್ರೆ ಇರಬೇಕೆಂದು ತೋರುವುದು ಸಹಜ. ಇದ್ದೇ ಇದೆ; ಅದು ವಾಹನಗಳ ಚರಿತ್ರೆ ಎಂಬುದಕ್ಕಿಂತ ಜೋಡಣೆಯ ಚರಿತ್ರೆ. ಎರಡು ವಸ್ತುಗಳು ಕೂಡುವ ಸಂದಿನಲ್ಲಿ ಸದ್ದು ಹುಟ್ಟುತ್ತದೆ; ಆ ಸಂದನ್ನು ಹೇಗೆ ಪಳಗಿಸಬೇಕೆಂಬ ವಿದ್ಯೆಯು ಬಡಗಿಯಿಂದ ಕಮ್ಮಾರನಿಗೆ, ಕಮ್ಮಾರನಿಂದ ಬಸ್ಸಿನ ಬಾಡಿ ಕಟ್ಟುವವನಿಗೆ, ಅವನಿಂದ ಕುಶನ್ ಅಂಗಡಿಯವನಿಗೆ ಕೈಬದಲಾಗುತ್ತ ಬಂದಿದೆ.

ಚಕ್ರ ಈ ಸೀಮೆಗೆ ವಿಳಂಬವಾಗಿಯೇ ಬಂತೆನ್ನಬೇಕು. ಘಟ್ಟದ ಮೇಲಿನಿಂದ ಧಾನ್ಯವನ್ನು ಇಳಿಸಿ, ಕರಾವಳಿಯ ಉಪ್ಪನ್ನೂ ಒಣಮೀನನ್ನೂ ಮೇಲಕ್ಕೆ ಸಾಗಿಸಿದುದು ಹೇರೆತ್ತುಗಳು. ಚಾರ್ಮಾಡಿಯ ಕಡಿದಾದ ಕಾಲುದಾರಿಯಲ್ಲಿ ಸಾಲುಗಟ್ಟಿ ಇಳಿಯುತ್ತಿದ್ದ ಆ ಎತ್ತುಗಳ ಕೊರಳಗಂಟೆಯೇ ಅಂದಿನ ಸಾರಿಗೆಯ ಸದ್ದು. ಹೀಗೆ ಇಳಿದು ಬಂದ ಸರಕು ಬಂಟ್ವಾಳದ ಪೇಟೆಯನ್ನು ಮುಟ್ಟಿದ ಮೇಲೆ ಅಲ್ಲಿಂದ ಮುಂದಕ್ಕೆ ನೇತ್ರಾವತಿಯ ದೋಣಿಗಳದೇ ಪಾರುಪತ್ಯ. ಘಟ್ಟದ ದಾರಿ ಮುಗಿದು ಜಲಮಾರ್ಗ ತೊಡಗುವ ಸ್ಥಳವಾದುದರಿಂದಲೇ ಬಂಟ್ವಾಳವು ವ್ಯಾಪಾರದ ಪಟ್ಟಣವಾಗಿ ಬೆಳೆಯಿತು. ಮೈಸೂರು ಸೀಮೆಯ ಸರಕು ಮಂಗಳೂರ ಬಂದರವನ್ನು ಸೇರುತ್ತಿದ್ದುದೂ ಈ ಹಾದಿಯಿಂದಲೇ. 1799ರಲ್ಲಿ ಟಿಪ್ಪುವಿನ ಪತನಾನಂತರ ಈ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಗಿ, 1801ರ ಆದಿಯಲ್ಲಿ ಕಂಪೆನಿಗಾಗಿ ಸಮೀಕ್ಷೆ ನಡೆಸುತ್ತಿದ್ದ ಫ್ರಾನ್ಸಿಸ್ ಬುಕನನ್ ವೇಣೂರು, ಮೂಡುಬಿದಿರೆ, ಕಾರ್ಕಳಗಳ ಮಾರ್ಗವಾಗಿ ಸಂಚರಿಸಿದಾಗ, ಬಂಡಿ ಸಲೀಸಾಗಿ ಓಡುವಂಥ ರಸ್ತೆಗಳು ಇನ್ನೂ ಭವಿಷ್ಯದ ಮಾತಾಗಿದ್ದವು. ಅವು ಒಂದೊಂದಾಗಿ ಮೂಡಿಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ.

ರಸ್ತೆಯ ಬೆನ್ನಿಗೇ ಎತ್ತಿನ ಗಾಡಿ ಬಂತು. ಗಾಡಿಯೊಡನೆ ಸಂದುಗಳ ಸಮಸ್ಯೆಯೂ ಬಂತು. ಗಾಡಿಯ ಚಕ್ರವೆಂಬುದು ಒಂದೇ ಮರದ ತುಂಡಲ್ಲ. ನಡುವೆ ಗುಂಬ, ಗುಂಬಕ್ಕೆ ನಾಟಿದ ಅರೆಕಾಲುಗಳು, ಅವುಗಳ ತುದಿಯನ್ನು ಸೇರಿಸುವ ಬಾಗುಮರದ ತುಂಡುಗಳು, ಇವೆಲ್ಲವನ್ನೂ ಬಿಗಿಹಿಡಿಯಲು ಸುತ್ತಲೂ ಕಬ್ಬಿಣದ ಪಟ್ಟಿ. ಕಮ್ಮಾರನು ಆ ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ಕಿಂಚಿತ್ ಕಿರಿದಾಗಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಸ್ಥಿತಿಯಲ್ಲಿಯೇ ಮರದ ಮೇಲೆ ಕೂರಿಸಿ ನೀರು ಹೊಯ್ದನೆಂದರೆ, ತಣಿಯುತ್ತ ಕುಗ್ಗಿದ ಕಬ್ಬಿಣವು ಅಷ್ಟೂ ಸಂದುಗಳನ್ನು ಒಮ್ಮೆಗೇ ಹಿಂಡಿ ಬಿಗಿಗೊಳಿಸುತ್ತಿತ್ತು. ಮೊಳೆಯ ಹಂಗಿಲ್ಲದೆ, ಕೇವಲ ಶಾಖದ ನಿಯಮದಿಂದ ಸಾಧಿಸಿದ ಈ ಬಿಗಿತವು ಯಾವ ಕಾಲದ ಯಂತ್ರಶಾಸ್ತ್ರಜ್ಞನೂ ಮೆಚ್ಚಬೇಕಾದ ಕೌಶಲ. ಆದರೆ ಚೈತ್ರ ವೈಶಾಖಗಳ ಬಿಸಿಲಿಗೆ ಮರ ಒಣಗಿ ಕುಗ್ಗಿತೆಂದರೆ ಕಬ್ಬಿಣದ ಪಟ್ಟಿ ಸಡಿಲಾಗಿ, ಅರೆಕಾಲುಗಳು ಗುಂಬದಲ್ಲಿ ಅಲುಗಾಡಿ, ಗಾಡಿಯು ಲೊಡಲೊಡನೆ ಬಡಿದುಕೊಳ್ಳುತ್ತಿತ್ತು. ಅದಕ್ಕೆ ರೈತನ ಬಳಿ ಖರ್ಚಿಲ್ಲದ ಮದ್ದೊಂದಿತ್ತು. ಚಕ್ರವನ್ನು ಕಳಚಿ ಕೆರೆಯಲ್ಲಿಯೋ ತೋಡಿನ ಗುಂಡಿಯಲ್ಲಿಯೋ ರಾತ್ರಿಯೆಲ್ಲ ಮುಳುಗಿಸಿಟ್ಟರೆ ಮರ ನೀರು ಕುಡಿದು ಉಬ್ಬಿ ಸಂದುಗಳು ಮತ್ತೆ ಕೂಡಿಕೊಳ್ಳುತ್ತಿದ್ದವು.

ಬಡಿಯುವ ಸದ್ದಿಗೆ ಬಿಗಿತ ಮದ್ದಾದರೆ, ಉಜ್ಜುವ ಸದ್ದಿಗೆ ಕೀಲೆಣ್ಣೆ ಮದ್ದು. ಅಚ್ಚಿನ ಮೇಲೆ ಗುಂಬ ತಿರುಗುವೆಡೆಯಲ್ಲಿ ಒಣಗಿದ ಮೈಗಳೆರಡು ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಡುವಾಗ ಹುಟ್ಟುವ ಕೀರಲು ಧ್ವನಿಯು ಅರ್ಧ ಹರದಾರಿಯಿಂದಲೂ ಕೇಳಿಸುವಂಥದು. ಹರಳೆಣ್ಣೆಯನ್ನೋ ಹೊಂಗೆಯೆಣ್ಣೆಯನ್ನೋ ಸುಟ್ಟ ಹುಲ್ಲಿನ ಕರಿಯೊಡನೆ ಕಲಸಿ ಅಲ್ಲಿ ತುಂಬಿದರೆ ಧ್ವನಿ ಅಡಗುತ್ತಿತ್ತು. ಇಲ್ಲಿ ನಾವು ಗಮನಿಸಬೇಕಾದುದು ಈ ವಿಭಾಗವನ್ನು. ಸಡಿಲಾದುದು ಬಡಿಯುತ್ತದೆ, ಒಣಗಿದುದು ಕೀರುತ್ತದೆ. ಇವೆರಡೂ ಬೇರೆ ಬೇರೆ ವ್ಯಾಧಿಗಳೆಂದೂ, ಒಂದರ ಮದ್ದು ಇನ್ನೊಂದಕ್ಕೆ ತಗಲುವುದಿಲ್ಲವೆಂದೂ ಅಕ್ಷರಜ್ಞಾನವಿಲ್ಲದ ಗಾಡಿಯವನು ಚೆನ್ನಾಗಿ ಬಲ್ಲವನಾಗಿದ್ದ. ಅವನಿಗೆ ಸದ್ದು ಕಿರಿಕಿರಿಯ ವಿಷಯವಾಗಿರಲೇ ಇಲ್ಲ. ಅಚ್ಚಿನಡಿ ತೂಗಹಾಕಿದ ಲಾಂದ್ರದ ಬೆಳಕಿನಲ್ಲಿ ಕತ್ತಲ ದಾರಿ ಸವೆಸುವಾಗ ಯಾವ ಗಾಲಿಯ ಕಡೆಗೀಲು ಸಡಿಲಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಸಬೇಕಾಗಿತ್ತು. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿಹಳ್ಳಿಗಳ ಶಾಲೆಗಳನ್ನು ಸಂದರ್ಶಿಸುತ್ತಿದ್ದ ಕಾಲವು ಇಂಥ ಗಾಡಿಗಳ ಕಾಲವೇ. ಆ ತಲೆಮಾರಿನ ಅಧಿಕಾರಿಗಳೂ ವಕೀಲರೂ ವ್ಯಾಪಾರಿಗಳೂ ದಾರಿಯ ನಿದ್ದೆಯನ್ನು ಕಲಿತುದು ಈ ಸದ್ದಿನ ನಡುವೆಯೇ.

ದಿನಬಳಕೆಯ ಗಾಡಿಯನ್ನು ಬಿಟ್ಟು ಅಪೂರ್ವವಾದ ವಾಹನಗಳ ಕಡೆ ನೋಡಿದರೆ ಈ ಸೀಮೆಯ ಜೋಡಣಾವಿದ್ಯೆ ಎಷ್ಟು ಪ್ರೌಢವಾಗಿತ್ತೆಂಬುದು ಇನ್ನೂ ಸ್ಪಷ್ಟವಾಗುತ್ತದೆ. ಕರಾವಳಿಯ ದೇವಾಲಯಗಳ ಬ್ರಹ್ಮರಥದ ಅಡಿಭಾಗವು ಕಿರಾಲುಬೋಗಿಯಂಥ ಭಾರವಾದ ಮರದಿಂದ ಕೆತ್ತಿದ ಸ್ಥಿರರಚನೆ. ಅದರ ಮೇಲೆ ಗೋಳಾಕಾರದಿಂದ ಎದ್ದುನಿಂತು ಪತಾಕೆಗಳಿಂದ ಶೋಭಿಸುವ ಮೇಲ್ಭಾಗವಾದರೋ ಉತ್ಸವದ ಕಾಲಕ್ಕೆ ಕೋಲುಗಳನ್ನು ಕಟ್ಟಿ ಎಬ್ಬಿಸುವ ಹಂದರ. ಅಷ್ಟೆತ್ತರದ ಭಾರವು ಕಲ್ಲು ನೆಲದ ಮೇಲೆ ತೂಗಾಡುತ್ತ ಸಾಗುವಾಗ ಮೊಳೆ ಹೊಡೆದ ಸಂದು ಮೊದಲು ಕಿರುಗುಟ್ಟಿ ಆಮೇಲೆ ಸೀಳಿಹೋಗುತ್ತದೆ. ಕಟ್ಟಿದ ಸಂದಾದರೋ ಬಾಗುತ್ತದೆ, ಸರಿಯುತ್ತದೆ, ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ. ಬಿಗಿಯಬೇಕಾದಲ್ಲಿ ಬಿಗಿದು, ಬಿಡಬೇಕಾದಲ್ಲಿ ಬಿಟ್ಟ ಈ ವಿವೇಕವನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿಯೂ ಕಾಣಬಹುದು. 1430ರಲ್ಲಿ ನಿರ್ಮಾಣಗೊಂಡ ಆ ತ್ರಿಭುವನ ತಿಲಕ ಚೂಡಾಮಣಿಯ ಕೆಳಗಿನ ಅಂತಸ್ತು ಶಿಲಾಮಯ, ಮೇಲಿನದು ದಾರುಮಯ. ಮಳೆಗಾಳಿಯ ನಾಡಿನಲ್ಲಿ ಕಲ್ಲು ಮತ್ತು ಮರಗಳನ್ನು ಒಂದೇ ಕಟ್ಟಡದಲ್ಲಿ ಹೊಂದಿಸಿ ಆರು ಶತಮಾನ ಬಾಳುವಂತೆ ಮಾಡಿದ ಶಿಲ್ಪಿಗಳಿಗೆ ಸಂದುಗಳ ಸ್ವಭಾವ ಕರಗತವಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ನೆರೆಯ ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿಯನ್ನು ಇಪ್ಪತ್ತು ಗಾಲಿಗಳ ಬಂಡಿಯ ಮೇಲೇರಿಸಿ ಬಂಡೆಯ ನೆತ್ತಿಗೆ ಎಳೆದರೆಂಬುದು ಪರಂಪರೆಯ ಹೇಳಿಕೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ಮತ್ತೊಂದು ಬಾಹುಬಲಿಯನ್ನು ನಿಲ್ಲಿಸಿದನು. ಈ ಸಾಲಿನ ಕಡೆಯ ಯಾತ್ರೆ ನಮ್ಮ ಕಾಲದ್ದು. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಏಕಶಿಲಾ ಮೂರ್ತಿಯನ್ನು 1973ರಲ್ಲಿ ಬಹುಚಕ್ರದ ಟ್ರೇಲರಿನ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು, 1982ರಲ್ಲಿ ಅದರ ಪ್ರತಿಷ್ಠೆ ನೆರವೇರಿತು. ಐದೂವರೆ ಶತಮಾನಗಳ ಅಂತರದ ಈ ಯಾತ್ರೆಗಳಲ್ಲಿ ಬದಲಾಗದೆ ಉಳಿದ ಸೂತ್ರವೊಂದುಂಟು. ಭಾರವನ್ನು ಒಂದೇ ಸಂದಿನ ಮೇಲೆ ಹೇರಬಾರದು, ಅನೇಕ ಗಾಲಿಗಳಿಗೆ ಹಂಚಬೇಕು.

ಮೋಟಾರು ಈ ದಾರಿಗೆ ಪ್ರವೇಶಿಸಿದ ಕಥೆಯಲ್ಲಿ ಬಂಟ್ವಾಳಕ್ಕೆ ವಿಶೇಷ ಗೌರವ ಸಲ್ಲುತ್ತದೆ. 1907ರಲ್ಲಿ ಮಂಗಳೂರಿಗೆ ರೈಲು ಬಂದಿತ್ತಾದರೂ ಅದು ಕರಾವಳಿಯ ಗುಂಟ ದಕ್ಷಿಣಕ್ಕೆ ಹೋಗುವ ರೈಲು. ಒಳನಾಡಿಗೆ ಅದರಿಂದ ಪ್ರಯೋಜನವಿರಲಿಲ್ಲ. ಘಟ್ಟವನ್ನೇರಿ ಹಾಸನದ ಕಡೆಗೆ ಹೋಗುವ ರೈಲುಮಾರ್ಗ ಬಂಟ್ವಾಳವನ್ನು ಹಾಯ್ದು ಪೂರ್ಣಗೊಂಡುದು 1979ರಲ್ಲಿ. ಈ ನಡುವಣ ದೀರ್ಘ ಅವಧಿಯಲ್ಲಿ ಒಳನಾಡನ್ನು ಹೊತ್ತುದು ಬಸ್ಸು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಎಂದರೆ ಜನರ ಬಾಯಲ್ಲಿ ಸಿ.ಪಿ.ಸಿ., ಮಂಗಳೂರಿನಿಂದ ಬಂಟ್ವಾಳಕ್ಕೆ ಬಸ್ಸನ್ನೋಡಿಸತೊಡಗಿತು. ಜಿಲ್ಲೆಯ ಬಸ್ಸು ಸಾರಿಗೆಯ ಉಪಕ್ರಮವೇ ಅದು. ಸುಮಾರು ಇಪ್ಪತ್ತೈದು ಕಿಲೋಮೀಟರಿನ ಆ ದಾರಿಯನ್ನು ಗಾಡಿಯಲ್ಲಿ ಕ್ರಮಿಸುತ್ತಿದ್ದವರಿಗೆ ಬಸ್ಸಿನ ವೇಗವು ಎಷ್ಟು ವಿಸ್ಮಯವೋ ಅದರ ಗದ್ದಲವೂ ಅಷ್ಟೇ ವಿಸ್ಮಯವಾಗಿದ್ದಿರಬೇಕು.

ಆ ಗದ್ದಲಕ್ಕೆ ಕಾರಣ ಎಂಜಿನ್ ಒಂದೇ ಆಗಿರಲಿಲ್ಲ. ಹೊರದೇಶದಿಂದ ಬರುತ್ತಿದ್ದುದು ಸಾಮಾನ್ಯವಾಗಿ ಚಾಸಿ ಮಾತ್ರ. ಅದರ ಮೇಲಿನ ಮೈಯನ್ನು ಕಟ್ಟುವುದು ಈ ನಾಡಿನ ಬಡಗಿಯ ಪಾಲಿಗೆ ಬಿಟ್ಟ ಕೆಲಸ. ಮನೆಯ ಮಾಡನ್ನೂ ಗಾಡಿಯ ಚಕ್ರವನ್ನೂ ಜೋಡಿಸಿದ ಕೈಯೇ ಮರದ ಚೌಕಟ್ಟನ್ನು ಮಾಡಿ, ತಗಡು ಹೊದೆಸಿ, ಹಲಗೆಯ ಆಸನಗಳನ್ನು ಕೂರಿಸಿತು. ಮಳೆಗಾಲದಲ್ಲಿ ಗಾಜಿಗೆ ಬದಲಾಗಿ ಇಳಿಬಿಡುವ ಟರ್ಪಾಲಿನ ಪರದೆ, ಮೇಲ್ಗಡೆ ಸಾಮಾನು ಹೇರುವ ಕಟಕಟೆ, ಹಿಂಬದಿಗೆ ಏಣಿ. ಮನೆಯ ಮಾಡು ನಿಂತಲ್ಲಿ ನಿಲ್ಲುವ ವಸ್ತು, ಬಸ್ಸಾದರೋ ಕ್ಷಣಕ್ಷಣಕ್ಕೂ ತಿರುಚಿಕೊಳ್ಳುವ ವಸ್ತು. ಎಡಗಾಲಿ ಹೊಂಡಕ್ಕಿಳಿದು ಬಲಗಾಲಿ ಮುರಕಲ್ಲಿನ ಮೇಲೇರಿದಾಗ ಚೌಕಟ್ಟು ಓರೆಯಾಗುತ್ತದೆ, ಓರೆಯಾದಾಗಲೆಲ್ಲ ಪ್ರತಿಯೊಂದು ಕುಳಿಗೂಟದ ಸಂದೂ ಕೊಂಚ ಸವೆಯುತ್ತದೆ. ಒಂದು ಮಳೆ, ಒಂದು ಬೇಸಗೆ ಕಳೆಯುವಷ್ಟರಲ್ಲಿ ಮರ ಉಬ್ಬಿ ಕುಗ್ಗಿ, ತಗಡಿನ ಮೊಳೆಗಳು ಸಡಿಲಿ, ಇಡೀ ಬಸ್ಸು ನೂರು ಬಾಯಿಗಳಿಂದ ಏಕಕಾಲಕ್ಕೆ ಶಬ್ದಿಸತೊಡಗುತ್ತಿತ್ತು. ಇದರ ಜೊತೆಗೆ ಸ್ಪ್ರಿಂಗಿನ ಪಟ್ಟಿಗಳ ನಡುವೆ ಕೆಂಪು ಧೂಳು ಸೇರಿ ಕೀರುವ ಸದ್ದು ಬೇರೆ. ಚಕ್ರದ ಕೀಲೆಣ್ಣೆಯ ಸ್ಥಾನದಲ್ಲಿ ಈಗ ಗ್ರೀಸು ಬಂತಾದರೂ ಚಿಕಿತ್ಸೆಯ ತತ್ತ್ವ ಹಳೆಯದೇ ಆಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ರೇಷನ್ನಿಗೆ ಒಳಗಾದಾಗ ಇತರ ಕಡೆಗಳಲ್ಲಿಯಂತೆ ಇಲ್ಲಿಯೂ ಬಸ್ಸುಗಳ ಬೆನ್ನಿಗೆ ಇದ್ದಲಿನ ಗ್ಯಾಸಿನ ಉರುಳೆಗಳು ಅಂಟಿಕೊಂಡವು. ಹೊರಡುವುದಕ್ಕೆ ಬಹಳ ಮೊದಲೇ ಬೆಂಕಿ ಹಚ್ಚಿ, ಕೈಯಿಂದ ತಿರುಗಿಸುವ ಗಾಳಿಯಂತ್ರದಿಂದ ಊದಿ, ಗ್ಯಾಸು ಹುಟ್ಟಿದ ಮೇಲೆ ಎಂಜಿನ್ನನ್ನು ಚಾಲೂ ಮಾಡಬೇಕಾಗಿದ್ದ ಆ ಬಸ್ಸುಗಳಿಗೆ ಪೆಟ್ರೋಲಿನ ಬಲವಿಲ್ಲದುದರಿಂದ ಏರುದಾರಿಯಲ್ಲಿ ಪ್ರಯಾಣಿಕರು ಇಳಿದು ನಡೆಯುವುದೂ ಉಂಟಾಗಿತ್ತು. ಎಂಜಿನ್ನಿನ ಜೊತೆಗೆ ಇನ್ನೊಂದು ಶಕ್ತಿಮೂಲವನ್ನು ಹೇರಿಕೊಂಡು ನಡೆದ ಆ ವಾಹನವನ್ನು ಇಂದಿನ ಹೈಬ್ರಿಡ್ಡಿನ ಪೂರ್ವಜನೆಂದು ಕರೆಯುವುದು ಶಾಸ್ತ್ರಸಮ್ಮತವಲ್ಲ; ಆದರೂ ಇಂಧನದ ಕೊರತೆಯು ವಾಹನದ ಸ್ವರೂಪವನ್ನೇ ಬದಲಿಸಬಲ್ಲುದೆಂಬ ಪಾಠವನ್ನು ಈ ಸೀಮೆ ಮೊದಲು ಕಲಿತುದು ಆಗಲೇ.

ಇದೇ ಸಂದಿನ ಸಮಸ್ಯೆ ಯೂರೋಪು ಅಮೆರಿಕಗಳ ಶ್ರೀಮಂತರ ಕಾರುಗಳನ್ನೂ ಬಿಟ್ಟಿರಲಿಲ್ಲವೆಂಬುದು ನಮ್ಮ ಬಡಗಿಗಳ ಪರವಾಗಿ ಹೇಳಬೇಕಾದ ಮಾತು. ಅಲ್ಲಿಯೂ ಮೊದಲಿಗೆ ಕಾರಿನ ಮೈಯೆಂದರೆ ಮರದ ಅಸ್ಥಿಪಂಜರಕ್ಕೆ ಲೋಹದ ಚರ್ಮ. ಅದು ಕಿರುಗುಟ್ಟುವುದನ್ನು ತಪ್ಪಿಸಲು ಎರಡು ವಿರುದ್ಧ ಮಾರ್ಗಗಳು ಹುಟ್ಟಿಕೊಂಡವು. ವಿಮಾನಚಾಲಕನಾಗಿದ್ದ ಚಾರ್ಲ್ಸ್ ವೇಮನ್ ಎಂಬವನು 1920ರ ದಶಕದಲ್ಲಿ ಪ್ಯಾರಿಸಿನಲ್ಲಿ ಒಂದು ಕ್ರಮವನ್ನು ಪ್ರಚುರಗೊಳಿಸಿದನು. ಚೌಕಟ್ಟಿನ ಮರಕ್ಕೆ ಮರ ತಾಗದಂತೆ ನಡುವೆ ಕಿರಿದಾದ ಬಿಡುವನ್ನಿಟ್ಟು, ಉಕ್ಕಿನ ಪಟ್ಟಿಗಳಿಂದ ಮಾತ್ರ ಅವನ್ನು ಜೋಡಿಸಿ, ಹೊರಗೆ ತಗಡಿಗೆ ಬದಲು ಬಟ್ಟೆಯನ್ನು ಹೊದೆಸುವುದು. ತಾಗದಿದ್ದುದು ಉಜ್ಜುವುದೆಂತು? ನಮ್ಮ ರಥದ ಕಟ್ಟಿನ ತತ್ತ್ವಕ್ಕೆ ಇದು ಸಮೀಪದ ಬಂಧು. ಅಮೆರಿಕದ ಎಡ್ವರ್ಡ್ ಬಡ್ ಎಂಬವನು ಹಿಡಿದುದು ಇನ್ನೊಂದು ಮಾರ್ಗ. ಮರವನ್ನೇ ತೊರೆದು, ಅಚ್ಚೊತ್ತಿದ ಉಕ್ಕಿನ ಹಾಳೆಗಳನ್ನು ಬೆಸೆದು, ಸಂದೇ ಇಲ್ಲದಂತೆ ಇಡೀ ಮೈಯನ್ನು ಒಂದಾಗಿಸುವುದು. ಗೆದ್ದುದು ಬಡ್ ಹಿಡಿದ ಮಾರ್ಗ. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಹಳೆಯ ಕಾರುಗಳ ಸಂಗ್ರಹವನ್ನು ಸಾವಕಾಶವಾಗಿ ನೋಡಬಲ್ಲವರಿಗೆ, ಕಾರಿನ ಮೈ ತುಂಡು ತುಂಡುಗಳ ಜೋಡಣೆಯಾಗಿದ್ದ ಕಾಲದಿಂದ ಒಂದೇ ಚಿಪ್ಪಿನಂತಾದ ಕಾಲದವರೆಗಿನ ಈ ಪರಿಣಾಮವು ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ.

ಚಿಪ್ಪು ಒಂದಾಯಿತಾದರೂ ಅದರೊಳಗೆ ಕೂರಿಸಿದ ವಸ್ತುಗಳು ಒಂದಾಗಲಿಲ್ಲ. 1957ರಿಂದ ತಯಾರಾಗತೊಡಗಿದ ಅಂಬಾಸಿಡರ್ ಕಾರು ಈ ತಾಲೂಕುಗಳಲ್ಲಿ ಸರ್ವಿಸ್ ಕಾರಾಗಿ ದುಡಿದ ದೀರ್ಘಕಾಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸು ಹೋಗದ ಒಳದಾರಿಗಳಲ್ಲಿ ಕಾರಿನ ಕ್ಷಮತೆಗೆ ಮೀರಿದಷ್ಟು ಮಂದಿಯನ್ನು ತುಂಬಿಕೊಂಡು, ಡಿಕ್ಕಿಯಲ್ಲಿ ಅಕ್ಕಿಮುಡಿಯನ್ನೂ ಬಾಳೆಗೊನೆಯನ್ನೂ ಹೊತ್ತು, ದಿನಕ್ಕೆ ಅನೇಕ ಬಾರಿ ಓಡುತ್ತಿದ್ದ ಆ ಕಾರುಗಳ ಬಾಗಿಲು ಬಡಿಯುತ್ತಿತ್ತು, ಬುಷ್‌ಗಳು ಸವೆದು ಅಡಿಭಾಗ ಕಟಕಟಿಸುತ್ತಿತ್ತು, ಆಸನದ ಸ್ಪ್ರಿಂಗು ಕೂತವರೊಡನೆ ತಾನೂ ನರಳುತ್ತಿತ್ತು. ಇವುಗಳ ಸೇವೆಗಾಗಿಯೇ ಪೇಟೆ ಪೇಟೆಗಳಲ್ಲಿ ಒಂದು ಸಣ್ಣ ಉದ್ಯೋಗವರ್ಗ ಬೆಳೆದು ನಿಂತಿತು. ಎಂಜಿನ್ನನ್ನು ಬಿಚ್ಚುವ ಮೆಕ್ಯಾನಿಕನ ಪ್ರತಿಷ್ಠೆ ಇವರಿಗಿರಲಿಲ್ಲ. ತಗಡನ್ನು ತಟ್ಟಿ ನೇರ ಮಾಡುವ ಟಿಂಕರ್, ಬಾಗಿಲ ಅಂಚಿಗೆ ರಬ್ಬರಿನ ಬೀಡಿಂಗ್ ಅಂಟಿಸುವವನು, ತೆಂಗಿನ ನಾರನ್ನೋ ಫೋಮನ್ನೋ ತುಂಬಿ ರೆಕ್ಸಿನ್ ಹೊಲಿಯುವ ಕುಶನ್ ಅಂಗಡಿಯವನು, ಇವರೇ ಸದ್ದಿನ ವೈದ್ಯರು. ಬಾಗಿಲು ಬಡಿಯುತ್ತಿದ್ದರೆ ಹಳೆಯ ಟ್ಯೂಬಿನ ತುಂಡೊಂದನ್ನು ಕತ್ತರಿಸಿ ಬೀಗದ ಕೊಂಡಿಯ ಬಳಿ ಇಡುವುದು, ಗಾಜು ಕುಣಿಯುತ್ತಿದ್ದರೆ ಕಂಬಳಿಯ ಚೂರನ್ನು ಜಾಡಿಗೆ ಸೇರಿಸುವುದು, ಇಂಥ ಉಪಾಯಗಳು ಯಾವ ಪುಸ್ತಕದಲ್ಲಿಯೂ ಬರೆದಿರದವು. ಇವುಗಳ ಸಾರವಾದರೋ ಒಂದೇ. ಎರಡು ಗಟ್ಟಿ ವಸ್ತುಗಳ ನಡುವೆ ಒಂದು ಮೆದು ವಸ್ತುವನ್ನಿಡು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಕಾರಿನ ಒಳಾಂಗಣಕ್ಕೆ ಪ್ಲಾಸ್ಟಿಕ್ಕಿನ ಆಧಿಪತ್ಯ ಬಂತು. ತಿರುಪಿನ ಸ್ಥಾನವನ್ನು ಒತ್ತಿ ಕೂರಿಸುವ ಕ್ಲಿಪ್ ಆಕ್ರಮಿಸಿತು. ಕಾರ್ಖಾನೆಯಲ್ಲಿ ಕ್ಷಣಾರ್ಧದಲ್ಲಿ ಜೋಡಿಸಬಹುದಾದ ಈ ಕ್ಲಿಪ್ಪುಗಳು ಒಮ್ಮೆ ಕಳಚಿ ಮತ್ತೆ ಕೂರಿಸಿದಾಗ ಮೊದಲಿನ ಬಿಗಿತವನ್ನು ಉಳಿಸಿಕೊಳ್ಳುವುದು ವಿರಳ. ಸ್ಟೀರಿಯೋ ಹಾಕಿಸಲೆಂದೋ ಅಲಂಕಾರದ ದೀಪಕ್ಕೆಂದೋ ಡ್ಯಾಶ್‌ಬೋರ್ಡನ್ನು ಬಿಚ್ಚಿಸಿದ ಅನೇಕ ಕಾರುಗಳು ಅಂದಿನಿಂದಲೇ ಸದ್ದು ಹಿಡಿದುದಕ್ಕೆ ಕಾರಣವಿದು. ಆದರೂ ಆ ದಿನಗಳಲ್ಲಿ ದೂರು ಹೆಚ್ಚಿರಲಿಲ್ಲ, ಏಕೆಂದರೆ ಎಂಜಿನ್ನಿನ ಗುಡುಗು ಆ ಸಣ್ಣ ಸದ್ದುಗಳನ್ನೆಲ್ಲ ನುಂಗಿಕೊಳ್ಳುತ್ತಿತ್ತು.

ಆ ಗುಡುಗು ನಿಂತುದು ಹೈಬ್ರಿಡ್ ಕಾರಿನಲ್ಲಿ. ಜಪಾನಿನಲ್ಲಿ ಟೊಯೋಟಾ ಪ್ರಿಯುಸ್ 1997ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು; ಭಾರತಕ್ಕೆ ಅದು ಕಾಲಿಟ್ಟುದು 2010ರಲ್ಲಿ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿದರೂ ಅದು ಧನಿಕರ ವಾಹನವಾಗಿಯೇ ಉಳಿಯಿತು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾಗಳು ಅದೇ ಬಿಡದಿಯಿಂದ ಹೊರಬಂದ ಮೇಲೆ ಹೈಬ್ರಿಡ್ ಎಂಬುದು ಅಡಕೆ ಬೆಳೆಗಾರನ, ವೈದ್ಯನ, ಅಧ್ಯಾಪಕನ ಅಂಗಳಕ್ಕೂ ಬಂದು ನಿಂತಿತು. ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಜೊತೆಯಾಗಿದ್ದು, ಸಂದಣಿಯ ನಿಧಾನಗತಿಯಲ್ಲಿ ಮೋಟಾರೇ ಕಾರನ್ನು ಎಳೆಯುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟಾರು ಡೈನಮೋ ಆಗಿ ಬ್ಯಾಟರಿಯನ್ನು ತುಂಬುತ್ತದೆ. ಬಂಟ್ವಾಳದ ಹಳೆಯ ಪೇಟೆಯ ಇಕ್ಕಟ್ಟಿನಲ್ಲಿಯೋ ಮೂಡುಬಿದಿರೆಯ ಜೈನಪೇಟೆಯ ಬೀದಿಯಲ್ಲಿಯೋ ಸಾಗುವಾಗ ಎಂಜಿನ್ ನಿಂತೇ ಇರುತ್ತದೆ. ಮದುವೆಮನೆಯ ವಾದ್ಯ ನಿಂತೊಡನೆ ಮೂಲೆಯ ಪಿಸುಮಾತು ಎಲ್ಲರ ಕಿವಿಗೆ ಬೀಳುವಂತೆ, ಎಂಜಿನ್ ಮೌನವಾದೊಡನೆ ಅದುವರೆಗೆ ಅಡಗಿದ್ದ ಸದ್ದುಗಳೆಲ್ಲ ಪ್ರಕಟವಾಗುತ್ತವೆ. ಸದ್ದು ಹೆಚ್ಚಾದುದಲ್ಲ, ಅದನ್ನು ಮುಚ್ಚಿದ್ದ ಪರದೆ ಸರಿದುದು. ಅಲ್ಲದೆ ಎಂಜಿನ್ ಪದೇ ಪದೇ ನಿಂತು ಮತ್ತೆ ಚಾಲನೆಗೊಳ್ಳುವ ಘಳಿಗೆಯಲ್ಲಿ, ಅದರಲ್ಲಿಯೂ ಮೂರು ಸಿಲಿಂಡರಿನ ಎಂಜಿನ್ನುಗಳಲ್ಲಿ, ಒಂದು ಕಿರುಕಂಪನ ಮೈಯೆಲ್ಲ ಹರಿದು, ಸಡಿಲಾದ ಯಾವುದೋ ಒಂದು ಭಾಗವನ್ನು ಕುಣಿಸಿ ಹೋಗುವುದುಂಟು.

ಇದರ ಪರಿಹಾರಕ್ರಮವನ್ನು ವಿಚಾರಿಸಿದರೆ ಗಾಡಿಯವನ ವಿಭಾಗವೇ ಇಂದಿಗೂ ಪ್ರಮಾಣವೆಂಬುದು ತಿಳಿದುಬರುತ್ತದೆ. ಬಡಿಯುವುದು ಸಡಿಲು, ಕೀರುವುದು ಒಣಕಲು. ಆದರೆ ಅದಕ್ಕೂ ಮೊದಲು ಕಾರನ್ನು ಬರಿದು ಮಾಡಬೇಕು, ಏಕೆಂದರೆ ಅನೇಕ ಸದ್ದುಗಳು ಕಾರಿನವಲ್ಲ, ಕಾರಿನೊಳಗೆ ನಾವಿಟ್ಟವು. ಡಿಕ್ಕಿಯ ಜಾಕಿ ಮತ್ತು ಸ್ಪ್ಯಾನರು, ಬಾಗಿಲ ಜೇಬಿನ ಮಳೆಗಾಲದ ಕೊಡೆ, ಟೋಲ್‌ಗೇಟಿಗೆ ಚಿಲ್ಲರೆ ಕೊಡುತ್ತಿದ್ದ ಕಾಲದಿಂದ ಮರೆತುಹೋದ ನಾಣ್ಯಗಳು, ಡ್ಯಾಶ್‌ಬೋರ್ಡಿನ ಮೇಲೆ ಅಂಟು ಬಿಟ್ಟ ಪುಟ್ಟ ಗಣಪತಿ, ಇವನ್ನೆಲ್ಲ ತೆಗೆದು, ಖಾಲಿ ಆಸನದ ಬೆಲ್ಟಿನ ಕೊಂಡಿ ಕಂಬಕ್ಕೆ ಬಡಿಯದಂತೆ ಸಿಕ್ಕಿಸಿ, ತಲೆಯೊರಗನ್ನು ಬಿಗಿದ ಮೇಲೆಯೂ ಸದ್ದು ಉಳಿದರೆ ಆಗ ಅದು ಕಾರಿನದು. ಚಾಲಕನೇ ಅದನ್ನು ಹುಡುಕಹೊರಡುವುದು ಅಪಾಯ. ಇನ್ನೊಬ್ಬರು ಓಡಿಸುತ್ತಿರುವಾಗ ಪಕ್ಕದಲ್ಲಿಯೂ ಹಿಂಬದಿಯಲ್ಲಿಯೂ ಕೂತು, ಸಂಶಯ ಬಂದೆಡೆಯನ್ನು ಅಂಗೈಯಿಂದ ಒತ್ತಿ ನೋಡಬೇಕು. ಒತ್ತಿದಾಗ ನಿಂತು ಬಿಟ್ಟಾಗ ಮರುಕಳಿಸಿದರೆ ಸ್ಥಳ ಸಿಕ್ಕಿತು. ಬಿಸಿಲಿನಲ್ಲಿ ನಿಂತು ಕಾದ ಕಾರಿನಲ್ಲಿ ಕೇಳಿಸಿ ಸಂಜೆಗೆ ಅಡಗುವ ಸದ್ದಾದರೆ, ಹಿಗ್ಗಿದ ಪ್ಲಾಸ್ಟಿಕ್ಕು ನೆರೆಯ ಪ್ಲಾಸ್ಟಿಕ್ಕಿಗೆ ತಾಗುತ್ತಿದೆಯೆಂದೇ ಬಹುಮಟ್ಟಿಗೆ ಊಹಿಸಬಹುದು. ಅಲ್ಲಿಗೆ ತೆಳುವಾದ ಫೆಲ್ಟಿನ ಅಂಟುಪಟ್ಟಿ ಸಾಕು. ಬಾಗಿಲಿನ ಮತ್ತು ಗಾಜಿನ ಮಾಡಿನ ರಬ್ಬರು ಕೀರುತ್ತಿದ್ದರೆ ಒರೆಸಿ ಶುಚಿಗೊಳಿಸಿ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಬೇಕು. ಗ್ಯಾರೇಜಿನ ಮಾಮೂಲು ಗ್ರೀಸು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಹೈಬ್ರಿಡ್ಡಿನಲ್ಲಿ ಹಳೆಯ ಧೈರ್ಯಕ್ಕೆ ಒಂದು ಮೇರೆಯೂ ಉಂಟು. ಕಿತ್ತಳೆ ಬಣ್ಣದ ಕವಚವುಳ್ಳ ತಂತಿಗಳಲ್ಲಿ ಹರಿಯುವುದು ಪ್ರಾಣಾಂತಿಕವಾದ ವಿದ್ಯುತ್ತು. ಏರ್‌ಬ್ಯಾಗ್ ಅಡಗಿರುವ ಫಲಕಗಳನ್ನು ಎಬ್ಬಿಸುವುದೂ ಅಷ್ಟೇ ಅಪಾಯ. ಹಲವು ಮಾದರಿಗಳಲ್ಲಿ ಹಿಂದಿನ ಆಸನದ ಬಳಿ ಬ್ಯಾಟರಿಗೆ ತಂಪುಗಾಳಿ ಹೋಗುವ ಕಿಂಡಿಯಿರುತ್ತದೆ. ಅಲ್ಲಿಂದ ಬರುವ ಫ್ಯಾನಿನ ಮೆಲುದನಿಯನ್ನು ದೋಷವೆಂದು ಭಾವಿಸಿ ಬಟ್ಟೆ ತುರುಕಿದರೆ ಬ್ಯಾಟರಿ ಕಾಯುತ್ತದೆ. ಬ್ರೇಕ್ ಹಾಕಿದಾಗ ಕೇಳುವ ಸಣ್ಣ ಝೇಂಕಾರವೂ ಮೋಟಾರಿನ ಸಹಜಧ್ವನಿ. ಯಾವ ಸದ್ದನ್ನು ಅಡಗಿಸಬೇಕು, ಯಾವುದನ್ನು ಇರಗೊಡಬೇಕು ಎಂಬ ವಿವೇಚನೆ ಗಾಡಿಯವನಿಗಿದ್ದಂತೆ ನಮಗೂ ಬೇಕಾಗಿದೆ.

ವಾಹನದ ಮೌನವನ್ನು ನಾವು ಈಗ ಸೊತ್ತೆಂದು ಬಗೆಯುತ್ತೇವೆ. ಬೆಲೆ ಕೊಟ್ಟ ಮೇಲೆ ಅದು ಪೂರ್ಣವಾಗಿ ನಮ್ಮದಾಗಬೇಕೆಂದು ಬಯಸುತ್ತೇವೆ. ಆದರೆ ದಾರಿ ಬದಲಾಗದೆ ವಾಹನ ಮಾತ್ರ ಮೌನವಾಗಲಾರದು. 2019ರ ಆಗಸ್ಟಿನ ಮಳೆಗೆ ಗುಡ್ಡ ಜಾರಿ ಚಾರ್ಮಾಡಿಯ ಸಂಚಾರವೇ ನಿಂತುಹೋದುದನ್ನು ಕಂಡ ಈ ಸೀಮೆಯಲ್ಲಿ, ಹೆದ್ದಾರಿಯ ಅಗಲೀಕರಣವು ವರ್ಷಗಟ್ಟಲೆ ನಡೆಯುತ್ತಿರುವ ಈ ದಾರಿಗಳಲ್ಲಿ, ಯಾವ ದೇಶದ ಯಾವ ಕಾರಿನ ಸಂದೂ ಒಂದಲ್ಲ ಒಂದು ದಿನ ಸಡಿಲುವುದೇ. ಮುಂಬರುವ ವರ್ಷಗಳಲ್ಲಿ ವಿದ್ಯುತ್ ವಾಹನಗಳು ಹೆಚ್ಚಿ ಎಂಜಿನ್ನೆಂಬುದೇ ಅಪರೂಪವಾದಾಗ, ಕಾರ್ಬ್ಯುರೇಟರನ್ನೂ ಪಿಸ್ಟನ್ನನ್ನೂ ಬಲ್ಲ ಮೆಕ್ಯಾನಿಕನ ವಿದ್ಯೆ ಹಿಂದೆ ಸರಿಯಬಹುದು. ಇದುವರೆಗೆ ಪೇಟೆಯ ಅಂಚಿನಲ್ಲಿ ಕೂತು ರೆಕ್ಸಿನ್ ಹೊಲಿಯುತ್ತ, ಬೀಡಿಂಗ್ ಅಂಟಿಸುತ್ತ ಬಂದವನ ವಿದ್ಯೆಗಾದರೋ ಆಗಲೇ ನಿಜವಾದ ಬೇಡಿಕೆ ಬರಲಿದೆ. ಬಿ.ಸಿ. ರೋಡು, ಬೆಳ್ತಂಗಡಿ, ಮೂಡುಬಿದಿರೆಗಳ ತರಬೇತಿ ಸಂಸ್ಥೆಗಳು ಹುಡುಗರಿಗೆ ಮೋಟಾರನ್ನೂ ಬ್ಯಾಟರಿಯನ್ನೂ ಕಲಿಸುವಾಗ, ಎರಡು ವಸ್ತುಗಳು ಕೂಡುವೆಡೆಯನ್ನು ಕೈಯಿಂದ ಮುಟ್ಟಿ, ಕಿವಿಗೊಟ್ಟು, ವ್ಯಾಧಿಯನ್ನು ಗುರುತಿಸುವ ಈ ಹಳೆಯ ವಿದ್ಯೆಯನ್ನೂ ಪಾಠಕ್ರಮಕ್ಕೆ ಸೇರಿಸಿಕೊಂಡರೆ, ಅದರಿಂದ ನಷ್ಟವಾಗುವವರು ಯಾರೂ ಇಲ್ಲ.